ಶನಿವಾರ ತಂದ ಗಾರ್ಡ್

ನಮ್ಮ ಮನೆಯಲ್ಲಿ ಶನಿವಾರ ಕಬ್ಬಿಣ ತರುವುದಿಲ್ಲ. ಸೂಜಿಯಿಂದ ಹಿಡಿದು ರೊಟ್ಟಿ ಹಂಚಿನವರೆಗೆ ಏನೇ ಇರಲಿ, ಶುಕ್ರವಾರವೇ ತರಬೇಕು, ಇಲ್ಲವೆ ಭಾನುವಾರದವರೆಗೆ ಕಾಯಬೇಕು. ವಿಜಯಪುರದ ಕಡೆಯಿಂದ ಪುಣೆಗೆ ಗುಮಾಸ್ತರಾಗಿ ಬಂದ ನಮ್ಮ ತಂದೆ ಇದನ್ನು ಪಾಲಿಸುತ್ತಿದ್ದರು. ಅವರು ಹೋದ ಮೇಲೆ ಅವ್ವ ಪಾಲಿಸುತ್ತಾಳೆ. ನಾನು ಭವಾನಿ ಪೇಠದ ಒಂದು ಕಬ್ಬಿಣದ ಗೋದಾಮಿನಲ್ಲಿ ಇಪ್ಪತ್ತು ವರ್ಷದಿಂದ ಬರವಣಿಗೆ ಕೆಲಸ ಮಾಡುತ್ತಿದ್ದೇನೆ. ಪೈಪು, ಆ್ಯಂಗಲ್ಲು, ಪಟ್ಟಿ ಇವುಗಳ ನಡುವೆಯೇ ನನ್ನ ಮೇಜು. ಶನಿವಾರ ಅಲ್ಲಿ ಎಲ್ಲ ದಿನಕ್ಕಿಂತ ಹೆಚ್ಚು ಮಾಲು ಹೊರಗೆ ಹೋಗುತ್ತದೆ. ಇದು ನಮಗೆ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಅಂಗಡಿ ಬೇರೆ, ಮನೆ ಬೇರೆ.

ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಹಡಪಸರದ ಒಂದೇ ಫ್ಲ್ಯಾಟಿನಲ್ಲಿ ನಾವೆಲ್ಲ ಇದ್ದೆವು: ಅವ್ವ, ನಾನು, ನನ್ನ ಹೆಂಡತಿ, ತಮ್ಮ, ಅವನ ಹೆಂಡತಿ. ಅವನು ಎತ್ತರದ ಒಂದು ಅಡ್ವೆಂಚರ್ ಬೈಕ್ ಕೊಂಡ. ಡಾಂಬರಿಲ್ಲದ ದಾರಿಯಲ್ಲೂ ಓಡುವ ಗಾಡಿ ಅದು. ಸೀಟು ನನ್ನ ಸೊಂಟಕ್ಕೆ ಬರುತ್ತಿತ್ತು. ಅವ್ವ ಅದನ್ನು ಒಂಟೆ ಎಂದೇ ಕರೆಯುತ್ತಿದ್ದಳು. “ಒಂಟಿ ಹತ್ತಿ ಎಲ್ಲಿಗೆ ಹೊಂಟಿ?” ಎಂದು ಕೇಳುವಳು. ಅವನು “ರಾಜಸ್ಥಾನಕ್ಕ” ಎಂದು ಹೇಳಿ ಹಾಲು ತರಲು ಹೋಗುವನು. ನನಗೆ ಆ ಗಾಡಿ ಹಿಡಿಸಲಿಲ್ಲ. ಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳಲಿಲ್ಲ ಎನ್ನುವುದೇ ಅದಕ್ಕೆ ಕಾರಣ. ಅದನ್ನು ನಾನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅವ್ವ ಮತ್ತು ನನ್ನ ಹೆಂಡತಿ ಗುಡಿಗೆ ಹೋಗಿದ್ದರು. ತಮ್ಮನ ಹೆಂಡತಿ ಸಾಸವಡದ ಒಂದು ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ತರಬೇತಿ ಇದೆ ಎಂದು ಅವಳು ಎರಡು ದಿನದ ಮಟ್ಟಿಗೆ ಬಾರಾಮತಿಗೆ ಹೋಗಿದ್ದಳು. ಕೆಳಗೆ ಪಾರ್ಕಿಂಗಿನಲ್ಲಿ ತಮ್ಮ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚುತ್ತ ಕೂತಿದ್ದ. ಒಳಗೆ ಕ್ರ್ಯಾಶ್ ಗಾರ್ಡ್ ಇತ್ತು. ಗಾಡಿ ಬಿದ್ದರೆ ಎಂಜಿನ್ನಿಗೆ ಪೆಟ್ಟಾಗದಂತೆ ಎರಡೂ ಬದಿ ಕೂರಿಸುವ ಬಾಗಿದ ಕಬ್ಬಿಣದ ಪೈಪುಗಳು.

“ಅಣ್ಣಾ, ಬಾ ಇಲ್ಲೆ. ಪೈಪ್ ನೋಡು. ನಿಮ್ಮ ಗೋದಾಮದಾಗೂ ಇಂಥಾ ಮಾಲ್ ಇರೂದಿಲ್ಲ.”

“ಇವತ್ತ ಯಾವ ವಾರ?” ಎಂದೆ.

ಅವನು ತಲೆ ಎತ್ತಿ ನೋಡಿ ನಕ್ಕ. “ಶುರು ಆತು ನೋಡ್ರಿ ಕೋರ್ಟು.”

“ಯಾವ ವಾರ ಅಂತ ಕೇಳಿದೆ.”

“ಪಾರ್ಕಿಂಗ್ ಏನ್ ಮನಿ ಆತೇನು?”

“ಗಾಡಿ ಮನೀದು. ಗಾಡಿಗೆ ಹಾಕಿದ್ರ ಮನಿಗೆ ತಂದಂಗ.”

“ನೀ ದಿನಾ ಹತ್ತು ತಾಸು ಕಬ್ಬಿಣದಾಗ ಕುಂತು ಬರ್ತಿ. ಶನಿವಾರ ಮೈ ಝಾಡಿಸಿಕೊಂಡು ಒಳಗ ಬರ್ತಿಯೇನು?”

ಅವನ ಮಾತು ಸರಿ ಎನ್ನುವುದಕ್ಕೇ ಸಿಟ್ಟು ಬಂತು. ಅವ್ವನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾಳೆ ಎಂದೆ. ನಿಜ ಹೇಳಬೇಕೆಂದರೆ ಶನಿಯ ಮೇಲೆ ನನಗೆ ಅಂಥ ನಂಬಿಕೆಯೇನೂ ಇಲ್ಲ. ಆ ಗಾಡಿಯ ವಿಷಯದಲ್ಲಿ ಒಂದಾದರೂ ಮಾತು ನನ್ನದು ನಡೆಯಬೇಕಿತ್ತು. ಕೈಗೆ ಸಿಕ್ಕದ್ದು ಶನಿವಾರ.

ಅವನು ಕೈ ಒರೆಸಿಕೊಂಡು ಎದ್ದ. “ಆತು ಮಾರಾಯಾ. ನಾಳೆ ನಸುಕಿನಾಗ ಎದ್ದು ಹಾಕ್ತೀನಿ, ಆಮ್ಯಾಲೆ ತಿರುಗಾಕ ಹೋಗ್ತೀನಿ. ಇಲ್ಲೇ ಮೂಲ್ಯಾಗ ಇರ್ಲಿ.”

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಮೂಲೆಯಲ್ಲೂ ಬೇಡ, ನಾನು ಗೋದಾಮಿಗೆ ಒಯ್ದಿಡುತ್ತೇನೆ ಎಂದೆ. ಪೆಟ್ಟಿಗೆಯನ್ನು ನನ್ನ ಸ್ಕೂಟರಿನ ಮುಂದೆ ಕಾಲಿನ ಜಾಗದಲ್ಲಿ ಅವನೇ ಎತ್ತಿಟ್ಟು ಹಗ್ಗ ಕಟ್ಟಿಕೊಟ್ಟ. ನಾನು ಅದನ್ನು ಒಯ್ದು ಎರಡು ಇಂಚಿನ ಪೈಪುಗಳ ಹಿಂದೆ ಇಟ್ಟೆ. ಭಾನುವಾರ ಗೋದಾಮು ಮುಚ್ಚಿರುತ್ತದೆ, ನಸುಕಿನಲ್ಲಿ ಅವನಿಗೆ ಗಾರ್ಡ್ ಸಿಗುವುದಿಲ್ಲ. ಬೀಗ ಹಾಕುವಾಗ ಅದು ನನಗೆ ನೆನಪಿತ್ತು.

ಭಾನುವಾರ ಬೆಳಿಗ್ಗೆ ಅವನು ಒಬ್ಬನೇ ಹೋದ. ದಿವೆ ಘಾಟ್ ಹತ್ತಿ, ಸಾಸವಡ ದಾಟಿ, ಪುರಂದರದ ಕಡೆಯ ಒಂದು ಸಣ್ಣ ದಾರಿಯಲ್ಲಿ ಜಲ್ಲಿ ಹರಡಿದ ತಿರುವಿನಲ್ಲಿ ಬಿದ್ದ. ವೇಗವೇನೂ ಇರಲಿಲ್ಲವಂತೆ. ಗಾಡಿ ಬಲಕ್ಕೆ ಮಲಗಿತು, ಬಲಗಾಲು ಅದರ ಕೆಳಗೆ ಸಿಕ್ಕಿಕೊಂಡಿತು. ತೊಡೆಯ ಮೂಳೆ ಮುರಿದಿತ್ತು. ಹಾಲಿನ ಕ್ಯಾನ್ ಹೊತ್ತ ಒಬ್ಬ ರೈತ ಆ ದಾರಿಯಲ್ಲಿ ಬರುವವರೆಗೆ ತಮ್ಮ ಒಂದು ತಾಸು ಹಾಗೆಯೇ ಬಿದ್ದಿದ್ದ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, “ಎತ್ತಾಕ ಆಗ್ಲಿಲ್ಲ ಅಣ್ಣಾ” ಎಂದ. ಒಳಗೇ ರಕ್ತ ಹೋಗಿತ್ತು. ಬಾರಾಮತಿಯಿಂದ ಅವನ ಹೆಂಡತಿ ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವಳು ಅವ್ವನ ಹತ್ತಿರ ಕೂತು ಹೇಳಿದ ಮಾತು ಇದು: “ಶನಿವಾರ ಫೋನ್ ಮಾಡಿ ‘ಗಾರ್ಡ್ ತಂದೀನಿ, ಇವತ್ತ ಹಾಕ್ತೀನಿ’ ಅಂದ್ರು ಅತ್ತಿ. ಗಾಡಿ ನೋಡಿದ್ರ ಗಾರ್ಡ ಇಲ್ಲ. ಮನ್ಯಾಗೂ ಎಲ್ಲೂ ಇಲ್ಲ. ನನಗ ಸುಳ್ಳು ಹೇಳಿದ್ರು.”

ನಾನು ಅದೇ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಬಾಯಿ ತೆರೆಯಬೇಕಾದ ಗಳಿಗೆ ಅದೇ. ತೆರೆಯಲಿಲ್ಲ. ಫೋನನ್ನು ಅವನು ನಾನು ಬರುವ ಮೊದಲೇ ಮಾಡಿದ್ದನೋ, ಆಮೇಲೆ ಮಾಡಿಯೂ ಅಣ್ಣನ ಮಾತು ಏಕೆ ಎತ್ತಬೇಕೆಂದು ಸುಮ್ಮನಿದ್ದನೋ, ಗೊತ್ತಿಲ್ಲ. ಹೇಗೇ ಇರಲಿ, ಅವನು ಸುಳ್ಳು ಹೇಳಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ನನ್ನ ಹೆಂಡತಿಗೂ ಹೇಳಲಿಲ್ಲ.

ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವುದಿಲ್ಲ. ಊರಲ್ಲಾದರೆ ಎದುರಿಗೇ ಬರುವುದಿಲ್ಲ. ಪುಣೆಯ ಎರಡು ಕೋಣೆಯ ಮನೆಯಲ್ಲಿ ಎದುರಿಗೆ ಬರದೆ ಆಗುವುದಿಲ್ಲ, ಹಾಗಾಗಿ ಮಾತಾಡದ ರೂಢಿಯನ್ನಾದರೂ ಉಳಿಸಿಕೊಂಡಿದ್ದೆವು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅವಳು ನನಗೆ ಹೇಳಬೇಕಾದದ್ದನ್ನೆಲ್ಲ ಅವ್ವನಿಗೆ ಹೇಳಿದಳು. ನಾನು ಮೂರಡಿ ದೂರದಲ್ಲಿ ಊಟಕ್ಕೆ ಕೂತಿದ್ದರೂ, “ಅತ್ತಿ, ಭಾವಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ” ಎನ್ನುವಳು. ಅವ್ವನಿಗೇ ಬೇಸರವಾಗಿ, “ಅಂವೇನ್ ಕಿವುಡ ಅಲ್ಲವಾ, ನೀನ ಕೇಳು” ಎಂದರೂ ಅವಳು ಕೇಳುತ್ತಿರಲಿಲ್ಲ. ಈ ಮಾತನ್ನು ಅವಳಿಗೆ ಮುಟ್ಟಿಸಬೇಕಾದರೆ ಅವ್ವನ ಮೂಲಕವೇ ಮುಟ್ಟಿಸಬೇಕು. ಅವ್ವನಿಗೆ ಹೇಗೆ ಹೇಳಲಿ?

ಗೋದಾಮಿನಲ್ಲಿ ಆ ಪೆಟ್ಟಿಗೆ ಇದ್ದ ಕಡೆಗೆ ನಾನು ಹೋಗುವುದನ್ನೇ ಬಿಟ್ಟೆ. ಎರಡು ಇಂಚಿನ ಪೈಪು ಎಣಿಸಬೇಕಾದರೆ ಹಮಾಲನನ್ನು ಕಳಿಸುತ್ತಿದ್ದೆ. ಆದರೂ ಮೇಜಿನ ಮುಂದೆ ಕೂತಾಗ ಅದು ಬೆನ್ನ ಹಿಂದೆ ಎಷ್ಟು ಹೆಜ್ಜೆ ದೂರದಲ್ಲಿದೆ ಎಂಬುದು ನನಗೆ ತಿಳಿಯುತ್ತಿತ್ತು. ಮನೆಗೆ ಬಂದರೆ ಪಾರ್ಕಿಂಗಿನಲ್ಲಿ ಗಾಡಿ ನಿಂತಿರುತ್ತಿತ್ತು. ನಡುವೆ ಎಲ್ಲಿಯೂ ನನಗೆ ಜಾಗ ಇರಲಿಲ್ಲ. ಗಾಡಿ ಮಾರೋಣ ಎಂದು ಎರಡು ಸಲ ಅವ್ವನ ಮುಂದೆ ಮಾತು ತೆಗೆದೆ. ಒಳಗಿನಿಂದ ಎರಡು ಸಲವೂ ಒಂದೇ ಉತ್ತರ ಬಂತು: “ಅತ್ತಿ, ಮಾರೂದು ಬ್ಯಾಡ ಅಂತ ಹೇಳ್ರಿ.”

ಒಂಬತ್ತು ತಿಂಗಳಾದ ಮೇಲೆ ಅವಳು ಗಾಡಿಯನ್ನು ತಾನೇ ಓಡಿಸುವುದಾಗಿ ಹೇಳಿದಳು. ಮಣ್ಣಿನ ಮಾದರಿ ತರಲು ಹಳ್ಳಿಗಳಿಗೆ ಹೋಗಬೇಕಾದ ಕೆಲಸ ಅವಳದು, ಹೊಲದ ದಾರಿಗಳಲ್ಲಿ ಸ್ಕೂಟಿ ಹೂತುಕೊಳ್ಳುತ್ತದೆ. ಓಡಿಸುವುದನ್ನು ತಮ್ಮನೇ ಕಲಿಸಿದ್ದನಂತೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಒಂದು ದಿನ ಉಣ್ಣಲಿಲ್ಲ. ಮರುದಿನ ಕೇಳಿದಳು, “ಬಿದ್ರ ಕಾಲು ಸಿಗದಂಗ ಏನರೆ ಹಾಕಸಾಕ ಬರ್ತದಂತಲ್ಲ?”

“ಹಾಕಿಸೇ ಹೊರಗ ತಗೀತೀನ್ರಿ.”

“ಹಂಗಾದ್ರ ಇಂವನ್ನ ಕರಕೊಂಡು ಹೋಗು. ಪೈಪಿಂದು ಇಂವಗ ತಿಳೀತದ. ಇಲ್ಲಂದ್ರ ಕಚ್ಚಾ ಮಾಲು ಕಟ್ಟಿ ಕಳಸ್ತಾರ.”

ನಾನು ಗೋದಾಮಿನಲ್ಲಿ ಕೆಲಸ ಬಹಳ ಇದೆ ಎಂದೆ. “ತಮ್ಮನ ಹೆಂಡತಿ ಅಲ್ಲೇನೊ?” ಎಂದಳು ಅವ್ವ. ಅಲ್ಲಿಗೆ ಮುಗಿಯಿತು.

ಬುಧವಾರ ಹೋದೆವು. ಅವಳು ಗಾಡಿಯ ಮೇಲೆ, ನಾನು ಹಿಂದೆ ನನ್ನ ಸ್ಕೂಟರಿನಲ್ಲಿ. ಹಡಪಸರದಿಂದ ನಾನಾ ಪೇಠದವರೆಗೆ ಪ್ರತಿ ಸಿಗ್ನಲ್ಲಿನಲ್ಲೂ ಆ ಗಾಡಿಯ ಬಲಬದಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಬಾಗಿದ್ದ ಬ್ರೇಕ್ ಪೆಡಲ್ ಬದಲಾಯಿಸಿದ್ದರು. ಎಂಜಿನ್ನಿನ ಮೇಲಿನ ಗೀರುಗಳು ಹಾಗೆಯೇ ಇದ್ದವು.

ನಾನಾ ಪೇಠದ ಬಿಡಿಭಾಗಗಳ ಗಲ್ಲಿಯಲ್ಲಿ ಅವಳು ಮೊದಲೇ ವಿಚಾರಿಸಿಟ್ಟ ಅಂಗಡಿ ಇತ್ತು. ಅಂಗಡಿಯವನು ಮರಾಠಿಯವನು, ನನಗಿಂತ ಚಿಕ್ಕವನು; ಅಲ್ಲಿ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಗಾಡಿ ನೋಡಿದೊಡನೆ, “ಇದರ ಗಾರ್ಡ್ ಹೋದ ವರ್ಷ ಭಾಳ ಮಂದಿ ಒಯ್ದಾರ” ಎಂದ. ತಮ್ಮ ತಂದದ್ದು ಇವನ ಬಳಿಯಿಂದಲೇ ಇರಬಹುದೇ ಎಂದು ಹೆದರಿದೆ. ಆದರೆ ಅವನು ಗಾಡಿಯ ನಂಬರನ್ನೂ ನೋಡಲಿಲ್ಲ, ಗೀರುಗಳನ್ನೂ ನೋಡಲಿಲ್ಲ. ನಮ್ಮನ್ನು ಗಂಡ ಹೆಂಡತಿ ಎಂದುಕೊಂಡು ನನ್ನತ್ತ ತಿರುಗಿ ನಕ್ಕ.

“ವಹಿನಿ ಗಾಡಿ ಹೊಡೀತಾರ, ನೀವು ಹಿಂದ ಕೂಡ್ತೀರೇನು ಕಾಕಾ?”

“ಅವರು ನಮ್ಮ ಭಾವ,” ಎಂದಳು ಅವಳು, ಅವನ ಮರಾಠಿಯಲ್ಲೇ. ಅವನು ಕಿವಿ ಹಿಡಿದುಕೊಂಡು ತಪ್ಪಾಯಿತೆಂದು ಮೂರು ಜೊತೆ ಗಾರ್ಡ್ ತಂದು ಚಾಪೆಯ ಮೇಲಿಟ್ಟ.

ಒಂದು, ಎಂಜಿನ್ನಿನ ಕೆಳಭಾಗಕ್ಕೆ ಮಾತ್ರ. ಇನ್ನೊಂದಕ್ಕೆ ಕೆಳಗಿನದರ ಜೊತೆಗೆ ಮೇಲಿನ ಪೈಪುಗಳೂ ಇದ್ದವು, ಪೆಟ್ರೋಲ್ ಟ್ಯಾಂಕಿನವರೆಗೆ. ಮೂರನೆಯದು ಫಳಫಳ ಹೊಳೆಯುವ ಸ್ಟೀಲಿನದು, ಎತ್ತಲು ಎರಡು ಕೈ ಬೇಕು.

ಇಲ್ಲಿ ಅವ್ವ ಇರಲಿಲ್ಲ. ತಮ್ಮನ ಹೆಂಡತಿ ಅಂಗಡಿಯವನಿಗೆ ಹೇಳಿದಳು, “ಪೈಪ್ ಹ್ಯಾಂಗದ ಅಂತ ಅವರನ್ನ ಕೇಳ್ರಿ ದಾದಾ.”

ನಾನೂ ಅವನಿಗೇ ಹೇಳಿದೆ, “ಹೊಳಿಯೂದು ಗಟ್ಟಿ ಅದ ಅಂತ ಹೇಳ್ರಿ.”

ಅವನು ಇತ್ತ ಒಮ್ಮೆ ಅತ್ತ ಒಮ್ಮೆ ನೋಡಿದ. “ನನ್ನನ್ನ ಟೆಲಿಫೋನ್ ಮಾಡಿದ್ರಲ್ಲ ಇಬ್ಬರೂ. ಜಗಳ ಆಗ್ಯಾದೇನು?” ಉತ್ತರಕ್ಕೆ ಕಾಯದೆ ಮುಂದುವರಿಸಿದ. “ಕಾಕಾ, ಗಟ್ಟಿ ಇದ್ದದ್ದೆಲ್ಲಾ ಚಲೋದಲ್ಲ. ಬಿದ್ದಾಗ ಇದು ಸ್ವಲ್ಪ ಬಾಗಬೇಕು. ಇದು ಬಾಗಲಿಲ್ಲಂದ್ರ ಪೆಟ್ಟು ಗಾಡಿಯ ಫ್ರೇಮಿಗೆ ಹೋಗ್ತದ. ಗಾರ್ಡ್ ಬದಲಿ ಮಾಡಬಹುದು, ಫ್ರೇಮ್ ಏನ್ ಮಾಡ್ತೀರಿ?”

ನನ್ನ ಕೆಲಸವೆಂದು ನಾನು ಚಾಪೆಯ ಪಕ್ಕ ಕೂತೆ. ಬೆಸುಗೆ ನೋಡಿದೆ. ಬಾಗಿಸಿದ ಕಡೆ ಪೈಪು ಚಪ್ಪಟೆಯಾಗಿದೆಯೇ ಎಂದು ಬೆರಳಾಡಿಸಿದೆ. ತುದಿಯ ಮುಚ್ಚಳ ತೆಗೆಸಿ ಪೈಪಿನ ದಪ್ಪ ನೋಡಿದೆ. ಎರಡನೆಯದು ಒಳ್ಳೆಯ ಮಾಲು. ಗೋದಾಮಿನ ಪೆಟ್ಟಿಗೆಯಲ್ಲಿದ್ದದ್ದು ಹೆಚ್ಚು ಕಡಿಮೆ ಇದೇ. ಅವಳು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತಿದ್ದಳು: ಎಷ್ಟು ಕಡೆ ಬೋಲ್ಟು, ಎಂಜಿನ್ನಿಗೋ ಫ್ರೇಮಿಗೋ, ಆಯಿಲ್ ಬದಲಾಯಿಸುವಾಗ ಪ್ರತಿ ಸಾರಿ ಇದನ್ನು ಬಿಚ್ಚಬೇಕೇ. ಕೊನೆಗೆ ಕೇಳಿದಳು, “ಗಾಡಿ ಮಲಗಿದ್ರ ಕಾಲಿಗೆ ಜಾಗ ಉಳೀತದೇನ್ರಿ?”

ಅಂಗಡಿಯ ಹಿಂದೆ ಅದೇ ಕಂಪನಿಯ ಒಂದು ಹಳೆಯ ಗಾಡಿ ಇತ್ತು, ಗಾರ್ಡ್ ಹಾಕಿದ್ದು. ಅವನು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಕೆಲಸಗಾರನೊಬ್ಬನ ಸಹಾಯದಿಂದ ಅದನ್ನು ಮೆಲ್ಲಗೆ ಬಲಕ್ಕೆ ಮಲಗಿಸಿದ. ಗಾಡಿ ಗಾರ್ಡಿನ ಮೇಲೆ ನಿಂತಿತು. ನೆಲಕ್ಕೂ ಎಂಜಿನ್ನಿಗೂ ನಡುವೆ ತೆರವು ಉಳಿಯಿತು. ಅವನು ಮೊಣಕಾಲೂರಿ ಕೂತು ಆ ಸಂದಿಯಲ್ಲಿ ತನ್ನ ತೋಳನ್ನು ಮೊಣಕೈವರೆಗೆ ತೂರಿಸಿ ಹೊರತೆಗೆದ.

“ಎಂಜಿನ್ ಉಳಸಾಕ ಅಂತಾರ ಎಲ್ಲಾರೂ. ನಾ ಅಂತೀನಿ ಕಾಲು ಉಳಸ್ತದ. ಪ್ರತಿ ಸಾರಿ ಉಳಸ್ತದ ಅಂತ ಬರದು ಕೊಡೂದಿಲ್ಲ. ಖರೇ ಆದ್ರ ಜಾಗ ಕೊಡ್ತದ. ಕಾಲು ಎಳಕೋಬಹುದು.”

ನಾನು ಅಲ್ಲಿಂದ ಹೊರಡಲು ತಿರುಗಿದೆ. ಹಿಂದಿನ ಕೋಣೆಗೆ ಒಂದೇ ಬಾಗಿಲು. ಬಾಗಿಲಲ್ಲಿ ಅವಳು ನಿಂತಿದ್ದಳು, ಆ ಸಂದಿಯನ್ನೇ ನೋಡುತ್ತ. ಅಂಗಡಿಯವನು ಕೇಳಿದ, “ಮೊದಲು ಈ ಗಾಡಿ ಯಾರು ಹೊಡೀತಿದ್ರು? ಗಾರ್ಡ್ ಯಾಕ ಹಾಕಿಸಿರಲಿಲ್ಲ?”

“ನಮ್ಮ ಮಿಸ್ಟರ್. ತಂದೀನಿ ಅಂತ ಫೋನಿನಾಗ ಹೇಳಿದ್ರು. ತಂದಿರಲಿಲ್ಲ.”

ಎರಡನೆಯದನ್ನೇ ಹಾಕಲು ಹೇಳಿದಳು. ಒಂದೂವರೆ ತಾಸು ಬೇಕು ಎಂದರು. ಗಲ್ಲಿಯ ಆಚೆ ಬದಿ ಚಹಾದಂಗಡಿಯ ಮುಂದೆ ಒಂದೇ ಬೆಂಚು. ಅವಳು ಒಂದು ತುದಿಗೆ ಕೂತಳು, ನಾನು ಇನ್ನೊಂದು ತುದಿಗೆ. ನಡುವೆ ಅವಳ ಹೆಲ್ಮೆಟ್ಟು. ಎದುರು ಅಂಗಡಿಯಲ್ಲಿ ಬೋಲ್ಟು ಬಿಗಿಯುವ ಸದ್ದು ಕೇಳುತ್ತಿತ್ತು. ಚಹಾ ಬಂತು. ಕುಡಿದೆವು. ಲೋಟ ತೆಗೆದುಕೊಂಡು ಹೋದರು. ಎದ್ದು ಹೋಗಲು ನನಗೆ ಯಾವ ನೆಪವೂ ಉಳಿಯಲಿಲ್ಲ.

“ಅಂವ ಸುಳ್ಳು ಹೇಳಿರಲಿಲ್ಲ,” ಎಂದೆ.

ಅವಳು ತಿರುಗಿ ನೋಡಿದಳು. ಆರು ವರ್ಷದಲ್ಲಿ ನಾನು ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಉಳಿದದ್ದನ್ನು ರಸ್ತೆ ನೋಡುತ್ತ ಹೇಳಿದೆ. ಪೆಟ್ಟಿಗೆ, ಪಾರ್ಕಿಂಗು, ಶನಿವಾರ, ಗೋದಾಮು. ನಾಳೆ ನಸುಕಿನಲ್ಲಿ ಹಾಕುತ್ತೇನೆ ಎಂದು ಅವನು ಹೇಳಿದ್ದನ್ನೂ ಬಿಡಲಿಲ್ಲ. ಶನಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂಬುದನ್ನೂ ಹೇಳಿದೆ.

ಅವಳು ಎದುರು ಅಂಗಡಿಯಲ್ಲಿದ್ದ ಗಾಡಿಯತ್ತ ನೋಡಿದಳು. ಆಮೇಲೆ ಕೇಳಿದಳು, “ಬರೇ ಕೆಳಗಿಂದಿತ್ತೇನ್ರಿ, ಮ್ಯಾಲಿಂದೂ ಇತ್ತೇನ್ರಿ?”

“ಎರಡೂ ಇತ್ತು.”

“ನಾನ ಹೇಳಿದ್ದೆ. ಮ್ಯಾಲಿಂದೂ ತಗೊಳ್ರಿ ಅಂತ.” ಹೆಲ್ಮೆಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ಒಂಬತ್ತು ತಿಂಗಳು ಸುಳ್ಳಬುರುಕ ಅಂದೀನ್ರಿ ಅವರಿಗೆ. ದಿನಾ. ಮುಂಜಾನೆ ಫೋಟೋದ ಮುಂದ ನಿಂತು ಅಂತಿದ್ದೆ. ನೀವು ಅದೇ ಮನ್ಯಾಗ ಚಹಾ ಕುಡೀತಿದ್ರಿ.”

ನಾನು ತಪ್ಪಾಯಿತು ಎಂದೆನೋ ಇಲ್ಲವೋ ಈಗ ನೆನಪಿಲ್ಲ. ಗೋದಾಮು ಇಲ್ಲೇ ಹತ್ತಿರ ಇದೆ, ಅದನ್ನೇ ತರಲೇ ಎಂದು ಕೇಳಿದ್ದು ನೆನಪಿದೆ.

“ಬ್ಯಾಡ್ರಿ. ಅದನ್ನ ನೋಡ್ಕೋತ ನನಗ ಗಾಡಿ ಹೊಡ್ಯಾಕ ಆಗೂದಿಲ್ಲ.”

“ಅವ್ವಗ ಇವತ್ತ ಹೇಳ್ತೀನಿ.”

“ಅತ್ತಿಗೆ ಗೊತ್ತಿಲ್ಲೇನ್ರಿ?”

“ಇಲ್ಲ.”

“ಹಂಗಾದ್ರ ಹೇಳಬ್ಯಾಡ್ರಿ.” ಅವಳ ದನಿ ಏರಲಿಲ್ಲ. “ಶನಿವಾರದ್ದು ಅವರ ಮಾತು. ನೀವು ಮಾಡಿದ್ದು ಅಂತ ಅವರು ತಿಳಕೊಳ್ಳೂದಿಲ್ಲ, ತಾವು ಮಾಡಿದ್ದು ಅಂತ ತಿಳಕೋತಾರ. ಅವರು ಬದುಕೂದಿಲ್ಲ ಭಾವಾರ. ನಿಮಗ ಹಗುರ ಆಗ್ಲಿ ಅಂತ ಅವರ ಮ್ಯಾಲೆ ಹೊರಸಬ್ಯಾಡ್ರಿ.”

ಹೇಳಿದರೆ ಮುಗಿಯುತ್ತದೆ ಎಂದು ಒಂಬತ್ತು ತಿಂಗಳು ಅಂದುಕೊಂಡಿದ್ದೆ. ಆಚೆಯಿಂದ ಅಂಗಡಿಯವನು ಕೈ ಬೀಸಿ ಕರೆದ, ಗಾಡಿ ತಯಾರಾಗಿತ್ತು. ಅವಳು ಮೊದಲು ರಸ್ತೆ ದಾಟಿದಳು. ಒಂದೊಂದು ಬೋಲ್ಟನ್ನೂ ತಾನೇ ಪಾನಾ ಹಿಡಿದು ತಿರುಗಿಸಿ ನೋಡಿದಳು. ಹಿಂದಿರುಗುವಾಗ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕನ್ನಡಿಯಲ್ಲಿ ಒಮ್ಮೆಯೂ ನೋಡಲಿಲ್ಲ.

ಅವ್ವ ನಮಗಾಗಿ ಪಾರ್ಕಿಂಗಿಗೇ ಇಳಿದು ಬಂದಿದ್ದಳು. ಮೊಣಕಾಲು ನೋವಿದ್ದರೂ ಬಗ್ಗಿ ಗಾರ್ಡನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡಿದಳು. ಅಲುಗಲಿಲ್ಲ. ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಇಷ್ಟ ಒಂದ ಹಾಕಿಸ್ಕೊಂಡಿದ್ರ ಇರ್ತಿದ್ದ ನೋಡು,” ಎಂದಳು. “ಸಣ್ಣಾಂವ ಇದ್ದಾಗಿಂದೂ ಹಂಗ ಅಂವ. ನಾಳೆ ಮಾಡ್ತೀನಿ, ನಾಡದ ಮಾಡ್ತೀನಿ. ಆಲಸಿ.” ಎದ್ದು ನನ್ನ ಮುಖ ನೋಡಿದಳು. “ಹೌದಿಲ್ಲ?”

ನನ್ನ ಬಾಯಿ ತೆರೆದಿತ್ತು. ಅದಕ್ಕಿಂತ ಮೊದಲು ತಮ್ಮನ ಹೆಂಡತಿ ಹೇಳಿದಳು, “ಹೌದ್ರಿ ಅತ್ತಿ. ಆಲಸಿ ಇದ್ರು.”

ಹೇಳಿ, ಗಾಡಿಯ ಕೀಲಿ ತೆಗೆದುಕೊಂಡು, ಅವ್ವನ ಮೊಣಕೈ ಹಿಡಿದು ಲಿಫ್ಟಿನ ಕಡೆ ನಡೆಸಿಕೊಂಡು ಹೋದಳು. ನಾನು ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ಅವರ ಹಿಂದೆ ಹೋದೆ. ಲಿಫ್ಟಿನಲ್ಲಿ ಮೂವರಿದ್ದೆವು. ಅವ್ವ ಇನ್ನೂ ಅವನ ಆಲಸ್ಯದ ಮಾತೇ ಆಡುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.